ಹೂಮಳೆ ಬಂತು, ಬ್ಯಾಕಿಂಗ್ ಮಳೆ ಎಲ್ಲಿ? ನಮ್ಮ ಯುದ್ಧನೌಕೆಗಳು ತಡವಾಗುವುದು ಹೀಗೆ

ಕೊಡಗಿನಲ್ಲಿ ಸೇನೆ ಎಂದರೆ ಭೂಸೇನೆ. ಮದುವೆಮನೆಯಲ್ಲಿ ಹೊಸಬರ ಪರಿಚಯವಾದರೆ ಮೊದಲು ಮನೆತನ ಕೇಳುತ್ತಾರೆ, ಆಮೇಲೆ ‘ಯಾವ ರೆಜಿಮೆಂಟು?’ ಎನ್ನುತ್ತಾರೆ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಜಿಲ್ಲೆಯಲ್ಲಿ ಇದು ತಪ್ಪೂ ಅಲ್ಲ. ಮಡಿಕೇರಿಯ ಸನ್ನಿಸೈಡ್, ಅಂದರೆ ತಿಮ್ಮಯ್ಯನವರ ಮನೆ, 2021ರ ಫೆಬ್ರುವರಿಯಲ್ಲಿ ವಸ್ತುಸಂಗ್ರಹಾಲಯವಾದ ಮೇಲೆ ಅಲ್ಲಿನ ಟ್ಯಾಂಕಿನ ಮುಂದೆ ಫೋಟೊ ತೆಗೆಸಿಕೊಳ್ಳದೆ ಹೋಗುವ ಪ್ರವಾಸಿ ಅಪರೂಪ. ಕಡಲು ಮಾತ್ರ ನಮಗೆ ಸಂಪಾಜೆ ಘಾಟಿ ಇಳಿದು ಹೋಗಿ ನೋಡಿಕೊಂಡು ಬರುವ ಸಂಗತಿ. ಹಾಗಿದ್ದರೂ ಈ ಗುಡ್ಡಗಾಡಿಗೂ ಹಡಗಿಗೂ ಹಳೆಯ ನಂಟಿದೆ. ಸುರಹೊನ್ನೆಯ ಜಾತಿಗೆ ಸೇರಿದ, ಬಾಣದಂತೆ ನೆಟ್ಟಗೆ ಏರುವ ಮರವೊಂದನ್ನು ಬ್ರಿಟಿಷರು ‘ಪೂನ್‌ಸ್ಪಾರ್’ ಎಂದು ಕರೆದು, ಹಾಯಿಹಡಗುಗಳ ಕೂವೆಮರಕ್ಕೆಂದು, ಅಂದರೆ ಹಾಯಿ ಕಟ್ಟುವ ಕಂಬಕ್ಕೆಂದು, ಪಶ್ಚಿಮ ಘಟ್ಟದ ಕಾಡುಗಳಿಂದ ಕಡಿಸುತ್ತಿದ್ದರು. ಕೊಡಗಿನ ಕಾಡೂ ಅದರಲ್ಲಿ ಸೇರಿತ್ತು. ಕೂವೆಗೆ ಆಗುವಷ್ಟು ಬೆಳೆಯಲು ಆ ಮರಕ್ಕೆ ತಲೆಮಾರುಗಳೇ ಬೇಕು. ಕಡಿಯಲು ಒಂದು ಬೆಳಗಿನ ಹೊತ್ತು ಸಾಕು.

ನೌಕಾಪಡೆಯ ಹಡಗುಗಳು ಏಕೆ ವರ್ಷಗಟ್ಟಲೆ ತಡವಾಗುತ್ತವೆ, ಖರ್ಚು ಏಕೆ ಎರಡು ಮೂರು ಪಟ್ಟು ಏರುತ್ತದೆ ಎಂದು ಕೇಳಿದರೆ ಸಿದ್ಧ ಉತ್ತರವೊಂದಿದೆ: ಸರ್ಕಾರಿ ಶಿಪ್‌ಯಾರ್ಡು, ಹಾಗಾಗಿ ಸೋಮಾರಿತನ, ರಕ್ಷಣಾ ಖರೀದಿ, ಹಾಗಾಗಿ ಲಂಚ. ಎರಡರಲ್ಲೂ ಒಂದಿಷ್ಟು ಸತ್ಯ ಇರಬಹುದು. ಆದರೆ ಐವತ್ತು ವರ್ಷಗಳ ದಾಖಲೆ ನೋಡಿದರೆ ರೋಗದ ಬೇರು ಬೇರೆ ಕಡೆ ಇದೆ ಎಂದು ನನಗನ್ನಿಸುತ್ತದೆ. ಕಾಫಿ ಬೆಳೆಯುವವರಿಗೆ ಅದನ್ನು ಒಂದೇ ಮಾತಿನಲ್ಲಿ ಹೇಳಬಹುದು: ಹೂಮಳೆ ಬರುತ್ತದೆ, ಬ್ಯಾಕಿಂಗ್ ಮಳೆ ಬರುವುದಿಲ್ಲ.

ಬೇರೆ ಊರಿನ ಓದುಗರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಫೆಬ್ರುವರಿ–ಮಾರ್ಚ್‌ನಲ್ಲಿ ಬೀಳುವ ಮೊದಲ ಒಳ್ಳೆಯ ಮಳೆಗೆ ತೋಟವಿಡೀ ಬೆಳ್ಳಗೆ ಹೂಬಿಡುತ್ತದೆ. ಅದೇ ಹೂಮಳೆ. ಆದರೆ ಎರಡು ಮೂರು ವಾರದಲ್ಲಿ ಇನ್ನೊಂದು ಮಳೆ ಹನಿಯದಿದ್ದರೆ ಕಾಯಿ ಕಚ್ಚುವುದಿಲ್ಲ. ಹೂವಿನ ಫೋಟೊ ಫೋನಿನಲ್ಲಿ ಉಳಿಯುತ್ತದೆ, ಕಣದಲ್ಲಿ ಹರಡಲು ಏನೂ ಇರುವುದಿಲ್ಲ. ರಕ್ಷಣಾ ಸಚಿವಾಲಯದ ಒಪ್ಪಂದದ ಸಹಿ, ಹಡಗು ನೀರಿಗಿಳಿಸುವ ಸಮಾರಂಭ, ತೆಂಗಿನಕಾಯಿ ಒಡೆಯುವುದು, ಇವೆಲ್ಲ ಹೂಮಳೆ. ಮೊದಲ ಹಡಗು ಮುಗಿಯುವ ಮುಂಚೆಯೇ ಮುಂದಿನ ಹಡಗುಗಳ ಆರ್ಡರ್ ಕೈಗೆ ಬರುವುದು ಬ್ಯಾಕಿಂಗ್.

ಜಲಾಂತರ್ಗಾಮಿಗಳ ಕಥೆಯನ್ನೇ ನೋಡಿ. 1981ರಲ್ಲಿ ಪಶ್ಚಿಮ ಜರ್ಮನಿಯ ಎಚ್‌ಡಿಡಬ್ಲ್ಯು ಕಂಪನಿಯೊಂದಿಗೆ ನಾಲ್ಕು ಜಲಾಂತರ್ಗಾಮಿಗಳಿಗೆ ಒಪ್ಪಂದವಾಯಿತು. ಎರಡು ಅಲ್ಲೇ ತಯಾರಾಗಿ 1986ರಲ್ಲಿ ನೌಕಾಪಡೆಗೆ ಸೇರಿದವು. ಇನ್ನೆರಡನ್ನು ಮುಂಬೈನ ಮಜಗಾಂವ್ ಡಾಕ್‌ನಲ್ಲಿ ನಮ್ಮವರೇ ಕಟ್ಟಿದರು: ಶಲ್ಕಿ 1992ರಲ್ಲಿ, ಶಂಕುಲ್ 1994ರಲ್ಲಿ ಸೇವೆಗೆ ಸೇರಿದವು. ಇದು ಸಣ್ಣ ಸಾಧನೆಯಲ್ಲ. ಜಲಾಂತರ್ಗಾಮಿಯ ಒತ್ತಡ ತಾಳುವ ಒಡಲಿನ ಪ್ರತಿ ಬೆಸುಗೆಯನ್ನೂ ಮನುಷ್ಯರ ಎಲುಬಿಗೆ ಮಾಡುವಂತೆ ಎಕ್ಸ್‌ರೇ ತೆಗೆದು ನೋಡುತ್ತಾರೆ. ಕೂದಲೆಳೆಯಷ್ಟು ಬಿರುಕಿದ್ದರೂ ನೂರಾರು ಮೀಟರ್ ಆಳದ ನೀರು ಅದನ್ನು ಹುಡುಕಿಕೊಂಡು ಬರುತ್ತದೆ. ಅಂಥ ಬೆಸುಗೆಗಾರನನ್ನು ತಯಾರು ಮಾಡಲು ವರ್ಷಗಳು ಬೇಕು.

ಮುಂದೆ ಇನ್ನಷ್ಟು ಕಟ್ಟುವ ಯೋಚನೆ ಇತ್ತು. ಆದರೆ 1987ರಲ್ಲಿ ದಲ್ಲಾಳಿ ಹಣದ ಆರೋಪ ಎದ್ದಿತು. ಬೋಫೋರ್ಸ್ ಗಲಾಟೆಯ ಕಾಲ ಅದು. ಕಡತ ಮುಚ್ಚಿತು, ಮುಂದಿನ ಆರ್ಡರ್ ಬರಲೇ ಇಲ್ಲ. ಜರ್ಮನಿಗೆ ಹೋಗಿ ಕಲಿತು ಬಂದವರು ಬೇರೆ ಕೆಲಸಕ್ಕೆ ಹೋದರು, ಹಲವರು ನಿವೃತ್ತರಾದರು. ಇಲ್ಲೇ ಕಟ್ಟುವ ಮುಂದಿನ ಜಲಾಂತರ್ಗಾಮಿಗಳ ಒಪ್ಪಂದಕ್ಕೆ ಸಹಿ ಬಿದ್ದದ್ದು 2005ರಲ್ಲಿ, ಫ್ರಾನ್ಸಿನ ಸ್ಕಾರ್ಪೀನ್ ಮಾದರಿಯ ಆರಕ್ಕೆ. ಬೆಸುಗೆಯನ್ನು ಮತ್ತೆ ಅ ಆ ಇ ಈಯಿಂದ ಕಲಿಯಬೇಕಾಯಿತು. 2012ಕ್ಕೆ ಬರಬೇಕಿದ್ದ ಮೊದಲ ದೋಣಿ ಕಲ್ವರಿ ಬಂದದ್ದು 2017ರ ಡಿಸೆಂಬರ್‌ನಲ್ಲಿ. 18,798 ಕೋಟಿ ರೂಪಾಯಿಯ ಯೋಜನೆ 23,562 ಕೋಟಿಗೆ ಏರಿತು. ಶಂಕುಲ್‌ಗೂ ಕಲ್ವರಿಗೂ ನಡುವೆ 23 ವರ್ಷ. ನಮ್ಮ ತೋಟದಲ್ಲಿ 23 ವರ್ಷ ಕಪಾತು ಮಾಡದೆ ಬಿಟ್ಟರೆ ಅದನ್ನು ತೋಟ ಎನ್ನುವುದಿಲ್ಲ, ಕಾಡು ಎನ್ನುತ್ತೇವೆ.

ಈ ಕಥೆಯಲ್ಲಿ ಬೇಸರ ತರಿಸುವ ಭಾಗ ಇನ್ನೂ ಇದೆ. ಆರನೆಯ ಮತ್ತು ಕೊನೆಯ ಸ್ಕಾರ್ಪೀನ್ ವಾಗ್‌ಶೀರ್ 2025ರ ಜನವರಿ 15ರಂದು ನೌಕಾಪಡೆಗೆ ಸೇರಿತು. ಇನ್ನೂ ಮೂರನ್ನು ಕಟ್ಟಲು ರಕ್ಷಣಾ ಖರೀದಿ ಮಂಡಳಿ 2023ರ ಜುಲೈನಲ್ಲೇ ತಾತ್ವಿಕ ಒಪ್ಪಿಗೆ ಕೊಟ್ಟಿತ್ತು. ಇನ್ನೂ ಹೆಚ್ಚು ಹೊತ್ತು ನೀರಿನಡಿ ಇರಬಲ್ಲ ಆರು ಜಲಾಂತರ್ಗಾಮಿಗಳ ‘75-ಐ’ ಯೋಜನೆಗೆ ‘ಇದು ಅಗತ್ಯ’ ಎಂಬ ಮೊದಲ ಮುದ್ರೆ ಬಿದ್ದದ್ದು 2007ರಲ್ಲಿ. ವಾಗ್‌ಶೀರ್ ಸೇರಿದ ದಿನ ಎರಡರ ಒಪ್ಪಂದಕ್ಕೂ ಸಹಿ ಆಗಿರಲಿಲ್ಲ. ಅಂದರೆ ಕೋಟಿ ಕೋಟಿ ಸುರಿದು ಎರಡನೇ ಸಲ ಕಲಿತ ಕೈಗಳು ಮತ್ತೊಮ್ಮೆ ಖಾಲಿ ಕೂತವು. 1994ರ ತಪ್ಪನ್ನು ಯಾರೂ ಮರೆತಿರಲಿಲ್ಲ, ಎಲ್ಲರೂ ಭಾಷಣದಲ್ಲಿ ಹೇಳುತ್ತಲೇ ಇದ್ದರು. ಆದರೂ ಅದೇ ಆಯಿತು.

ಆ ಆರು ದೋಣಿಗಳಿಗೆ ಹೊಸ ಟಾರ್ಪಿಡೊ ಕೂಡ ಇರಲಿಲ್ಲ. ಕೈಲ್‌ಪೊಳ್ದ್ ದಿನ ನಾವು ಕೋವಿಗೆ ಹೂ ಮುಡಿಸಿ ಪೂಜೆ ಮಾಡುತ್ತೇವೆ. ಪೂಜೆಗೆ ತೋಟೆ ಇಲ್ಲದಿದ್ದರೂ ನಡೆಯುತ್ತದೆ. ಕಾಡುಹಂದಿಯ ಮುಂದೆ ನಡೆಯುವುದಿಲ್ಲ. ಸ್ಕಾರ್ಪೀನ್‌ಗೆಂದು ಆರಿಸಿದ್ದ ಇಟಲಿಯ ‘ಬ್ಲ್ಯಾಕ್ ಶಾರ್ಕ್’ ಟಾರ್ಪಿಡೊ, ಅದನ್ನು ಮಾಡುವ ಕಂಪನಿಯ ಮಾತೃಸಂಸ್ಥೆ ಹೆಲಿಕಾಪ್ಟರ್ ಹಗರಣದಲ್ಲಿ ಸಿಕ್ಕಿಕೊಂಡಿದ್ದರಿಂದ ಕೈಬಿಟ್ಟುಹೋಯಿತು. ಹೆಲಿಕಾಪ್ಟರಿನ ಪಾಪಕ್ಕೆ ಜಲಾಂತರ್ಗಾಮಿ ದಂಡ ತೆತ್ತಿತು. ಹಳೆಯ ಕಾಲದ ಟಾರ್ಪಿಡೊಗಳನ್ನೇ ಸರಿಪಡಿಸಿಕೊಂಡು ದಿನ ದೂಡಿದ್ದಾಯಿತು. ನಮ್ಮದೇ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಟಾರ್ಪಿಡೊವನ್ನು ಈ ದೋಣಿಗಳಿಗೆ ಜೋಡಿಸಲು ಸುಮಾರು 877 ಕೋಟಿಯ ಒಪ್ಪಂದ ಫ್ರೆಂಚ್ ಕಂಪನಿಯೊಂದಿಗೆ ಆದದ್ದು 2024ರ ಡಿಸೆಂಬರ್ ಕೊನೆಯಲ್ಲಿ, ಅಂದರೆ ಕಲ್ವರಿ ಸೇವೆಗೆ ಸೇರಿ ಏಳು ವರ್ಷದ ಮೇಲೆ.

ಇಲ್ಲಿಗೆ ಒಂದು ಮಾತು ಹೇಳಬೇಕು. ಲಂಚದ ಆರೋಪ ಬಂದರೆ ತನಿಖೆ ಆಗಲೇಬೇಕು, ತಪ್ಪಿತಸ್ಥ ಕಂಪನಿಗೆ ದಂಡ ಬೀಳಲೇಬೇಕು. ಆದರೆ ನಮ್ಮ ಪದ್ಧತಿಯಲ್ಲಿ ತನಿಖೆಗಿಂತ ಮೊದಲು ಖರೀದಿ ಸಾಯುತ್ತದೆ. ಸಹಿ ಹಾಕಿದ ಅಧಿಕಾರಿಗೆ ಹದಿನೈದು ವರ್ಷ ಬಿಟ್ಟು ನೋಟಿಸ್ ಬರಬಹುದು. ಸಹಿ ಹಾಕದೆ ‘ಮರುಪರಿಶೀಲನೆಗೆ’ ಎಂದು ಬರೆದು ಕಡತ ಮೇಲಕ್ಕೆ ಕಳಿಸಿದವನಿಗೆ ಏನೂ ಆಗುವುದಿಲ್ಲ. ತಾಲೂಕು ಕಚೇರಿಯಲ್ಲಿ ಪೋಡಿ ಮಾಡಿಸಲು ಅಲೆದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಡವಾದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ರಾಜ್ಯದ ಊರಿನ ಹೆಸರೇ ಇರುವ ಉದಾಹರಣೆ ಇದೆ. ಐಎನ್‌ಎಸ್ ಕಾರವಾರ ಎಂಬ ಮೈನ್‌ಸ್ವೀಪರ್ ಮೂವತ್ತು ವರ್ಷ ದುಡಿದು 2017ರ ಮೇ ತಿಂಗಳಲ್ಲಿ ನಿವೃತ್ತವಾಯಿತು. ಬಂದರಿನ ಬಾಯಲ್ಲಿ ಶತ್ರು ಇಟ್ಟ ಸ್ಫೋಟಕಗಳನ್ನು ಹುಡುಕಿ ದಾರಿ ಬಿಡಿಸುವುದು ಇಂಥ ಹಡಗಿನ ಕೆಲಸ. ಆ ಜಾತಿಯ ಕೊನೆಯ ಹಡಗು ಐಎನ್‌ಎಸ್ ಕೋಝಿಕೋಡ್ 2019ರ ಏಪ್ರಿಲ್‌ನಲ್ಲಿ ಮನೆಗೆ ಹೋಯಿತು. ಅಲ್ಲಿಂದಾಚೆ ನೌಕಾಪಡೆಯ ಬಳಿ ಮೈನ್‌ಸ್ವೀಪರ್ ಎನ್ನುವುದೇ ಇಲ್ಲ. ಏಳು ಸಾವಿರ ಕಿಲೋಮೀಟರಿಗೂ ಮೀರಿದ ಕರಾವಳಿ, ಕಾರವಾರದಲ್ಲಿ ಅಷ್ಟು ದೊಡ್ಡ ಕದಂಬ ನೌಕಾನೆಲೆ, ಮಂಗಳೂರಿನಲ್ಲಿ ತೈಲ ಇಳಿಸುವ ಬಂದರು, ಇವಕ್ಕೆ ಬಾಗಿಲು ಗುಡಿಸುವವರಿಲ್ಲ. ಕಡಲ ಮೈನ್ ಯುದ್ಧದ ಆಯುಧಗಳಲ್ಲೇ ಅಗ್ಗದ್ದು. ಒಂದು ಇದೆ ಎಂಬ ಅನುಮಾನ ಬಂದರೂ ಸಾಕು, ಸರಕು ಹಡಗಿನ ವಿಮಾ ಕಂಪನಿ ಬಂದರಿಗೆ ಬರಬೇಡ ಎನ್ನುತ್ತದೆ.

ಹೊಸದನ್ನು ಕೊಳ್ಳಲು ಪ್ರಯತ್ನ ಆಗಲಿಲ್ಲವೆಂದಲ್ಲ. ದಕ್ಷಿಣ ಕೊರಿಯಾದ ಕಾಂಗ್ನಾಮ್ ಕಂಪನಿಯನ್ನು ಆರಿಸಿ, ದಲ್ಲಾಳಿ ಇದ್ದರೆಂಬ ಆರೋಪದ ಮೇಲೆ 2014ರಲ್ಲಿ ಆ ಟೆಂಡರ್ ರದ್ದಾಯಿತು. ಆಮೇಲೆ ಅದೇ ಕಂಪನಿಯ ತಂತ್ರಜ್ಞಾನ ಪಡೆದು ಗೋವಾ ಶಿಪ್‌ಯಾರ್ಡ್‌ನಲ್ಲಿ 12 ಹಡಗು ಕಟ್ಟುವ ಮಾತಾಯಿತು, ಅಂದಾಜು 32,000 ಕೋಟಿ. ತಂತ್ರಜ್ಞಾನ ಎಷ್ಟು ಕೊಡಬೇಕು, ಬೆಲೆ ಎಷ್ಟು ಎಂಬ ಚೌಕಾಸಿ ಮುಗಿಯದೆ 2018ರ ಜನವರಿಯಲ್ಲಿ ಅದೂ ಬಿದ್ದುಹೋಯಿತು. 2025ರ ಜುಲೈನಲ್ಲಿ ಖರೀದಿ ಮಂಡಳಿ ಮತ್ತೊಮ್ಮೆ ‘ಅಗತ್ಯ’ ಎಂದು ಒಪ್ಪಿದೆ. ಈ ಸಲ ಪತ್ರಿಕೆಗಳಲ್ಲಿ ಬಂದ ಅಂದಾಜು 44,000 ಕೋಟಿ. ಅದೇ ಹನ್ನೆರಡು ಹಡಗು. ನಾವು ಉಳಿಸಲು ಹೊರಟ ದುಡ್ಡು ಎಷ್ಟು, ಕಳೆದುಕೊಂಡದ್ದು ಎಷ್ಟು ಎಂದು ಯಾವ ಕಡತವೂ ಲೆಕ್ಕ ಹಾಕುವುದಿಲ್ಲ. ಟೆಂಡರಿನಲ್ಲಿ ಕಬ್ಬಿಣಕ್ಕೆ ದರ ಇದೆ, ಕೂಲಿಗೆ ದರ ಇದೆ, ಕಾಲಕ್ಕೆ ದರ ಇಲ್ಲ.

ಎರಡನೆಯ ರೋಗ ಮನೆ ಕಟ್ಟಿಸಿದವರಿಗೆ ಗೊತ್ತಿರುವಂಥದ್ದು. ಪಾಯ ಎದ್ದ ಮೇಲೆ ಅಡುಗೆಮನೆಯನ್ನು ಪೂರ್ವಕ್ಕೆ ತಿರುಗಿಸಿ ಎನ್ನುವುದು. ಮಹಾಲೇಖಪಾಲರು (ಸಿಎಜಿ) 2010–11ರ ವರದಿಯಲ್ಲಿ ದೇಶೀಯ ಯುದ್ಧನೌಕೆ ನಿರ್ಮಾಣವನ್ನು ಬಗೆದು ನೋಡಿದರು. ಶಿವಾಲಿಕ್ ವರ್ಗದ ಮೂರು ಫ್ರಿಗೇಟುಗಳ (ಮಧ್ಯಮ ಗಾತ್ರದ ಯುದ್ಧನೌಕೆಗಳು) ವೆಚ್ಚ 2,250 ಕೋಟಿಯಿಂದ 8,101 ಕೋಟಿಗೆ, ಅವಕ್ಕಿಂತ ದೊಡ್ಡವಾದ ಕೋಲ್ಕತ್ತ ವರ್ಗದ ಮೂರು ಡೆಸ್ಟ್ರಾಯರುಗಳದ್ದು 3,580 ಕೋಟಿಯಿಂದ 11,662 ಕೋಟಿಗೆ ಏರಿತ್ತು. ಮಂಜೂರಾತಿ ಕೊಡುವಾಗ ಯಾವ ಕ್ಷಿಪಣಿ, ಯಾವ ರೇಡಾರ್ ಎಂಬುದೇ ತೀರ್ಮಾನವಾಗಿರಲಿಲ್ಲ. ಒಂದು ಕಡೆ ಉಕ್ಕು ಕತ್ತರಿಸುತ್ತಿದ್ದರು, ಇನ್ನೊಂದು ಕಡೆ ನಕ್ಷೆ ಬರೆಯುತ್ತಿದ್ದರು. ಹಡಗಿನಲ್ಲಿ ಒಂದು ಕ್ಷಿಪಣಿ ಬದಲಾದರೆ ಅದೊಂದೇ ಬದಲಾಗುವುದಿಲ್ಲ. ಅದರ ತೂಕಕ್ಕೆ ಒಡಲಿನ ಸಮತೋಲ ಬದಲಾಗುತ್ತದೆ, ವಿದ್ಯುತ್ತಿಗೆ ಜನರೇಟರ್ ಬದಲಾಗುತ್ತದೆ, ತಂಪಿಗೆ ಕೊಳವೆ ಬದಲಾಗುತ್ತದೆ, ಆ ಕೊಳವೆ ಹಾಯುವ ಹತ್ತು ಕೋಣೆಗಳ ಗೋಡೆಯನ್ನು ಮತ್ತೆ ಕೊರೆಯಬೇಕಾಗುತ್ತದೆ. ಬೆಲೆ ನಿಗದಿಯೂ ಹಾಗೇ ಇತ್ತು: ಯಾರ್ಡು ಎಷ್ಟು ಖರ್ಚು ಮಾಡಿದರೂ ಅದರ ಮೇಲೆ ಲಾಭ ಸೇರಿಸಿ ಕೊಡುವ ಪದ್ಧತಿ. ಬೇಗ ಮುಗಿಸಲು ಯಾರಿಗೆ ಆತುರ?

ಇದು ನಮ್ಮ ದೇಶದ ಶಾಪ ಮಾತ್ರ ಎಂದುಕೊಳ್ಳಬೇಡಿ. ದುಡ್ಡಿಗೂ ತಂತ್ರಜ್ಞಾನಕ್ಕೂ ಕೊರತೆಯಿಲ್ಲದ ಅಮೆರಿಕದ ನೌಕಾಪಡೆ ಇದೇ ಹಳ್ಳಕ್ಕೆ ಬಿದ್ದಿದೆ. ಇಟಲಿ–ಫ್ರಾನ್ಸ್‌ಗಳು ಆಗಲೇ ಓಡಿಸುತ್ತಿದ್ದ ಫ್ರಿಗೇಟಿನ ನಕ್ಷೆಯನ್ನೇ ತೆಗೆದುಕೊಂಡರೆ ಅಪಾಯ ಕಡಿಮೆ ಎಂದು 2020ರಲ್ಲಿ ಕಾನ್‌ಸ್ಟೆಲೇಶನ್ ವರ್ಗಕ್ಕೆ ಆರ್ಡರ್ ಕೊಟ್ಟರು. ಆಮೇಲೆ ಒಂದೊಂದೇ ತಿದ್ದುಪಡಿ. ಮೂಲದೊಂದಿಗೆ ಶೇ 85ರಷ್ಟು ಹೋಲಬೇಕಿದ್ದ ಹಡಗು ಕೊನೆಗೆ ಶೇ 15ರಷ್ಟೂ ಹೋಲಲಿಲ್ಲ. ನಕ್ಷೆ ಮುಗಿಯುವ ಮೊದಲೇ 2022ರಲ್ಲಿ ಕಟ್ಟಲು ಶುರುಮಾಡಿದ್ದರು. ಮೊದಲ ಹಡಗು ಮೂರು ವರ್ಷ ಹಿಂದೆ ಬಿತ್ತು. 2025ರ ನವೆಂಬರ್‌ನಲ್ಲಿ ಮೊದಲ ಎರಡನ್ನು ಬಿಟ್ಟು ಉಳಿದವನ್ನು ಕೈಬಿಡುವುದಾಗಿ ಪ್ರಕಟಿಸಿದರು. ಸಿದ್ಧ ಉಡುಪು ಕೊಂಡು ಎಲ್ಲ ಹೊಲಿಗೆ ಬಿಚ್ಚಿ ಮತ್ತೆ ಹೊಲಿಸಿದ ಹಾಗೆ.

ಮೂರನೆಯದು ‘ಎಲ್-1’. ಸರ್ಕಾರಿ ಟೆಂಡರ್ ಗೊತ್ತಿದ್ದವರಿಗೆ ಈ ಎರಡಕ್ಷರ ಗೊತ್ತು: ಕಡಿಮೆ ದರ ಹಾಕಿದವನಿಗೆ ಕೆಲಸ. ಕೆಲವು ವರ್ಷದ ಹಿಂದೆ ನಮ್ಮ ಕಾಫಿ ಕಣಕ್ಕೆ ಸಿಮೆಂಟು ಹಾಕಿಸುವಾಗ ನಾನೂ ಎಲ್-1 ನೋಡಿಯೇ ಕೊಟ್ಟಿದ್ದೆ. ಅರ್ಧ ಕಣ ಆದ ಮೇಲೆ ಗುತ್ತಿಗೆದಾರರು ಕಾಣೆಯಾದರು. ಆ ವರ್ಷ ರೊಬಸ್ಟಾವನ್ನು ಟಾರ್ಪಾಲಿನ ಮೇಲೆ ಒಣಗಿಸಿದೆವು. ನೌಕಾಪಡೆಗೆ ಆದದ್ದು ಇದರ ದೊಡ್ಡ ಆವೃತ್ತಿ. ಸಮುದ್ರ ಸಮೀಕ್ಷೆಗೆ ಆರು ಜೋಡಿ-ಒಡಲಿನ ಹಡಗುಗಳನ್ನು 2006ರಲ್ಲಿ ಗುಜರಾತ್ ಸರ್ಕಾರದ್ದೇ ಆದ ಆಲ್ಕಾಕ್ ಆಶ್‌ಡೌನ್‌ಗೆ ವಹಿಸಿದರು. ಬಂದದ್ದು ಒಂದೇ, ಐಎನ್‌ಎಸ್ ಮಕರ. ಐದು ಗಸ್ತು ಹಡಗುಗಳನ್ನು 2011ರಲ್ಲಿ ಖಾಸಗಿ ಪಿಪಾವಾವ್ ಯಾರ್ಡಿಗೆ ಕೊಟ್ಟರು. ಎರಡನ್ನು 2017ರಲ್ಲಿ ನೀರಿಗಿಳಿಸಿದರು, ಯಾವುದೂ ಮುಗಿಯಲಿಲ್ಲ, 2020ರಲ್ಲಿ ಒಪ್ಪಂದ ರದ್ದಾಯಿತು. ತರಬೇತಿ ಹಡಗುಗಳ ಆರ್ಡರ್ ಹೋದದ್ದು ಎಬಿಜಿ ಶಿಪ್‌ಯಾರ್ಡ್‌ಗೆ. ಅದರ ಮೇಲೆ 22,842 ಕೋಟಿ ಬ್ಯಾಂಕ್ ವಂಚನೆಯ ಆರೋಪದಲ್ಲಿ ಸಿಬಿಐ 2022ರಲ್ಲಿ ಮೊಕದ್ದಮೆ ಹೂಡಿತು. ಮೂರು ತರಬೇತಿ ಹಡಗುಗಳಿಗೆ 2023ರ ಮಾರ್ಚ್‌ನಲ್ಲಿ ಎಲ್ ಆ್ಯಂಡ್ ಟಿಯೊಂದಿಗೆ 3,108 ಕೋಟಿಗೆ ಹೊಸ ಒಪ್ಪಂದವಾಯಿತು. ಹನ್ನೊಂದು ಗಸ್ತು ಹಡಗುಗಳ ಕೆಲಸ ಅದೇ ತಿಂಗಳು 9,781 ಕೋಟಿಗೆ ಗೋವಾ ಮತ್ತು ಕೋಲ್ಕತ್ತದ ಸರ್ಕಾರಿ ಯಾರ್ಡುಗಳ ಪಾಲಾಯಿತು. ಗಮನಿಸಿ, ಮುಳುಗಿದ್ದರಲ್ಲಿ ಖಾಸಗಿಯೂ ಇದೆ, ಸರ್ಕಾರದ್ದೂ ಇದೆ. ಯಾರು ಕಡಿಮೆ ಹೇಳಿದರು ಎಂದು ನೋಡಿದರು. ಅವರ ಬ್ಯಾಂಕ್ ಪುಸ್ತಕ, ಕೈಯಲ್ಲಿರುವ ಕೆಲಸಗಾರರು, ಹಿಂದೆ ಮುಗಿಸಿದ ಹಡಗು ಇವನ್ನು ನೋಡುವುದು ಸಾಲಲಿಲ್ಲ.

ಈಗ ನಮ್ಮೂರಿನ ಹೊಳೆಗೆ ಬರೋಣ.

ತುಲಾ ಸಂಕ್ರಮಣದಂದು ತಲಕಾವೇರಿಯಲ್ಲಿ ತೀರ್ಥೋದ್ಭವ ನೋಡಿದವರಲ್ಲಿ ಎಷ್ಟು ಜನರಿಗೆ ಆ ಹೆಸರಿನ ಎಂಜಿನ್ ಒಂದಿದೆ ಎಂದು ಗೊತ್ತೋ ತಿಳಿಯದು. ಬೆಂಗಳೂರಿನ ಜಿಟಿಆರ್‌ಇ ಪ್ರಯೋಗಾಲಯ ತೇಜಸ್ ಯುದ್ಧವಿಮಾನಕ್ಕೆಂದು ‘ಕಾವೇರಿ’ ಎಂಜಿನ್ ಮಾಡಲು ಹೊರಟದ್ದು 1989ರಲ್ಲಿ, 382.81 ಕೋಟಿಯ ಮಂಜೂರಾತಿಯೊಂದಿಗೆ. ತೂಕ ಹೆಚ್ಚಾಯಿತು, ನೂಕುಬಲ ಸಾಲಲಿಲ್ಲ, ಹೀಗೆ ವಿಮಾನಕ್ಕೆ ಅದು ಕೂಡಿಬರಲಿಲ್ಲ. ತೇಜಸ್ ಹಾರುತ್ತಿರುವುದು ಅಮೆರಿಕದ ಜಿಇ ಎಂಜಿನ್ನಿನಲ್ಲಿ. ಇಷ್ಟು ಹಲವರಿಗೆ ಗೊತ್ತು. ಹೆಚ್ಚು ಮಂದಿಗೆ ಗೊತ್ತಿಲ್ಲದ್ದು ಅದರ ಕಡಲ ರೂಪ. ಹಡಗಿನ ಗ್ಯಾಸ್ ಟರ್ಬೈನ್ ಎಂದರೆ ಒಂದರ್ಥದಲ್ಲಿ ವಿಮಾನದ ಎಂಜಿನ್ನೇ, ಬೆಂಕಿಯ ಶಕ್ತಿ ಹಿಂದಕ್ಕೆ ಚಿಮ್ಮುವ ಬದಲು ಪ್ರೊಪೆಲರ್ ದಂಡವನ್ನು ತಿರುಗಿಸುತ್ತದೆ. ಹಡಗಿನಲ್ಲಿ ನಾಲ್ಕು ಕ್ವಿಂಟಲ್ ತೂಕ ಹೆಚ್ಚಾದರೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಹಾಗಾಗಿ ವಿಮಾನಕ್ಕೆ ಭಾರವಾದ ಕಾವೇರಿ ಹಡಗಿಗೆ ಒದಗಬಹುದಿತ್ತು. ‘ಕಾವೇರಿ ಮರೀನ್ ಗ್ಯಾಸ್ ಟರ್ಬೈನ್’ ವಿಶಾಖಪಟ್ಟಣದ ನೌಕಾಪಡೆ ಕೇಂದ್ರದಲ್ಲಿ ಪರೀಕ್ಷೆಗೆ ಕೂತು ಸುಮಾರು 12 ಮೆಗಾವ್ಯಾಟ್ ಶಕ್ತಿ ಕೊಟ್ಟಿತು. ಆದರೆ ನಮ್ಮ ದೊಡ್ಡ ಹಡಗುಗಳಿಗೆ ಬೇಕಾದದ್ದು ಒಂದೊಂದೂ 20 ಮೆಗಾವ್ಯಾಟ್ ಮೀರಿದ ಟರ್ಬೈನ್. 12ಕ್ಕೆ ತಕ್ಕ ಚಿಕ್ಕ ಹಡಗನ್ನು ಯಾರೂ ಕೇಳಲಿಲ್ಲ. ಎಂಜಿನ್ ಅಲ್ಲಿಗೇ ನಿಂತಿತು.

ನನ್ನ ದೃಷ್ಟಿಯಲ್ಲಿ ಇಡೀ ಸಮಸ್ಯೆಯ ಗಂಟು ಇಲ್ಲಿದೆ. 12ರಿಂದ 20ಕ್ಕೆ ಹೋಗುವುದು ಇನ್ನೊಂದು ಹದಿನೈದು ವರ್ಷದ ಕೆಲಸ ಇರಬಹುದಿತ್ತು. ಆದರೆ ಒಂದು ಚಿಕ್ಕ ಹಡಗಿನಲ್ಲಿ ಅದನ್ನು ಕೂರಿಸಿ, ಕೆಟ್ಟರೆ ಸರಿಮಾಡಿ, ಮತ್ತೆ ಓಡಿಸಿ ನೋಡುವ ತಾಳ್ಮೆಯ ಗಿರಾಕಿ ಬೇಕಿತ್ತು. ಅದರ ಬದಲು ನಾವು ಏನು ಮಾಡಿದೆವು? ಕೋಲ್ಕತ್ತ, ವಿಶಾಖಪಟ್ಟಣ ವರ್ಗದ ಡೆಸ್ಟ್ರಾಯರುಗಳಿಗೆ ಯುಕ್ರೇನಿನ ಜೋರ್ಯಾ ಟರ್ಬೈನ್ ತಂದೆವು. ಶಿವಾಲಿಕ್, ನೀಲಗಿರಿ ಫ್ರಿಗೇಟುಗಳಿಗೂ ವಿಮಾನವಾಹಕ ನೌಕೆ ವಿಕ್ರಾಂತಕ್ಕೂ ಅಮೆರಿಕದ ಎಲ್‌ಎಂ-2500, ಅದನ್ನು ಎಚ್‌ಎಎಲ್ ಪರವಾನಗಿ ಪಡೆದು ಬೆಂಗಳೂರಿನಲ್ಲಿ ಜೋಡಿಸುತ್ತದೆ. ಆಮೇಲೆ ರಷ್ಯಾ–ಯುಕ್ರೇನ್ ಜಗಳ ಶುರುವಾಯಿತು. ರಷ್ಯಾದಲ್ಲಿ ನಮಗಾಗಿ ಕಟ್ಟುತ್ತಿದ್ದ ಫ್ರಿಗೇಟುಗಳಿಗೆ ಯುಕ್ರೇನ್ ನೇರವಾಗಿ ಎಂಜಿನ್ ಕೊಡಲೊಪ್ಪದೆ, ಭಾರತವೇ ಅವನ್ನು ಕೊಂಡು ರಷ್ಯಾಕ್ಕೆ ತಲುಪಿಸಬೇಕಾಯಿತು. ಜಗಳವಾಡುವ ಎರಡು ಮನೆಗಳ ನಡುವೆ ಕೊಡಪಾನ ಹೊತ್ತು ತಿರುಗುವ ನೆಂಟನ ಪಾಡು. 2025ರ ಜುಲೈ 1ರಂದು ಅಲ್ಲಿ ಸೇವೆಗೆ ಸೇರಿದ ಐಎನ್‌ಎಸ್ ತಮಾಲ್ ಹೊರದೇಶದಲ್ಲಿ ಕಟ್ಟಿಸಿದ ಕೊನೆಯ ಯುದ್ಧನೌಕೆ ಎಂದು ನೌಕಾಪಡೆ ಹೇಳಿದೆ. ಒಡಲಿನ ಮಟ್ಟಿಗೆ ನಂಬೋಣ. ಎಂಜಿನ್ನಿನ ಮಟ್ಟಿಗೆ ಆ ಮಾತು ಹೇಳುವ ದಿನ ದೂರವಿದೆ.

ನೌಕಾಪಡೆಯವರು ಹಡಗನ್ನು ಮೂರು ಪಾಲು ಮಾಡಿ ನೋಡುತ್ತಾರೆ: ತೇಲುವ ಭಾಗ, ಚಲಿಸುವ ಭಾಗ, ಕಾದಾಡುವ ಭಾಗ. ತೇಲುವುದರಲ್ಲಿ ಸುಮಾರು ಶೇ 90 ದೇಶೀಯ, ಚಲಿಸುವುದರಲ್ಲಿ ಶೇ 60, ಕಾದಾಡುವುದರಲ್ಲಿ ಶೇ 50 ಎಂಬುದು ಅವರೇ ಹೇಳುವ ಅಂದಾಜು. ತೇಲುವುದರಲ್ಲಿ ಗೆದ್ದದ್ದು ಹೇಗೆ? ವಿಕ್ರಾಂತಕ್ಕೆ ರಷ್ಯಾದಿಂದ ಬರಬೇಕಿದ್ದ ಉಕ್ಕು ಸಿಗದಾದಾಗ ಹೈದರಾಬಾದಿನ ಡಿಎಂಆರ್‌ಎಲ್ ಪ್ರಯೋಗಾಲಯ ಮತ್ತು ಸರ್ಕಾರಿ ಉಕ್ಕು ಕಂಪನಿ ಸೇಲ್ ಸೇರಿ ಡಿಎಂಆರ್-249 ಎಂಬ ಉಕ್ಕು ಮಾಡಿದರು. ಅದಕ್ಕೆ ವಿಕ್ರಾಂತ ಒಂದೇ ಗಿರಾಕಿಯಾಗಿದ್ದರೆ ಅದೂ ಕಾವೇರಿಯ ದಾರಿ ಹಿಡಿಯುತ್ತಿತ್ತೇನೊ. ಆಮೇಲಿನ ಹಡಗುಗಳೂ ಅದನ್ನೇ ಕೇಳಿದವು, ಕುಲುಮೆ ಆರಲಿಲ್ಲ. ಎಂಜಿನ್ನಿಗೂ ಇಂಥದೊಂದು ಸಣ್ಣ ಆರಂಭ 2025ರ ಏಪ್ರಿಲ್‌ನಲ್ಲಿ ಆಗಿದೆ: 6 ಮೆಗಾವ್ಯಾಟ್ ಡೀಸೆಲ್ ಎಂಜಿನ್ ರೂಪಿಸಲು ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್‌ಗೆ 270 ಕೋಟಿಯ ಯೋಜನೆ, ಶೇ 70ರಷ್ಟು ಹಣ ಸರ್ಕಾರದ್ದು. ಮಾದರಿ ಎಂಜಿನ್ ತಯಾರಾದ ದಿನ ಅದನ್ನು ಕೂರಿಸಲು ಹಡಗು ಸಿದ್ಧವಿರುತ್ತದೆಯೇ ಎನ್ನುವುದನ್ನು ನೋಡಬೇಕು.

ಒಳ್ಳೆಯದೂ ಆಗಿದೆ, ಅದನ್ನೂ ಹೇಳದಿದ್ದರೆ ಅನ್ಯಾಯ. ವಿಶಾಖಪಟ್ಟಣ ವರ್ಗದ ಮೊದಲ ಡೆಸ್ಟ್ರಾಯರಿಗೆ ಕೀಲ್, ಅಂದರೆ ತಳದ ಬೆನ್ನೆಲುಬು, ಇಟ್ಟದ್ದು 2013ರ ಅಕ್ಟೋಬರ್‌ನಲ್ಲಿ, ಸೇವೆಗೆ ಸೇರಿದ್ದು 2021ರ ನವೆಂಬರ್‌ನಲ್ಲಿ: ಎಂಟು ವರ್ಷ. ಅದೇ ವರ್ಗದ ನಾಲ್ಕನೆಯದು ಸೂರತ್, 2019ರ ನವೆಂಬರ್‌ನಿಂದ 2025ರ ಜನವರಿ: ಐದು ವರ್ಷ ಚಿಲ್ಲರೆ, ನಡುವೆ ಕೋವಿಡ್ ಬೇರೆ. ಯಾರ್ಡು ಅದೇ, ಜನ ಅವರೇ. ಬದಲಾದದ್ದು ಇಷ್ಟೇ, ಒಂದೇ ಒಡಲನ್ನು ದೆಹಲಿ ವರ್ಗದಿಂದ ಕೋಲ್ಕತ್ತಕ್ಕೆ, ಅಲ್ಲಿಂದ ವಿಶಾಖಪಟ್ಟಣಕ್ಕೆ ತಿದ್ದುತ್ತ ಬಂದದ್ದರಿಂದ ಕೈ ಪಳಗಿತ್ತು. ನೀಲಗಿರಿ ವರ್ಗದ ಏಳು ಫ್ರಿಗೇಟುಗಳನ್ನು ಮುಂಬೈ, ಕೋಲ್ಕತ್ತಗಳಲ್ಲಿ ಹಂಚಿ, ಕೊಳವೆ-ತಂತಿ ಕೂಡಿಸಿದ ದೊಡ್ಡ ದೊಡ್ಡ ತುಂಡುಗಳನ್ನು ಮೊದಲೇ ಮಾಡಿಟ್ಟು ಜೋಡಿಸಿದರು. 2025ರ ಆಗಸ್ಟ್ 26ರಂದು ಎರಡೂ ಯಾರ್ಡಿನ ಒಂದೊಂದು ಹಡಗು, ಉದಯಗಿರಿ ಮತ್ತು ಹಿಮಗಿರಿ, ಒಂದೇ ದಿನ ಸೇವೆಗೆ ಸೇರಿದವು. ಉದಯಗಿರಿ ನೌಕಾಪಡೆಯ ಸ್ವಂತ ವಿನ್ಯಾಸ ಕಚೇರಿ ರೂಪಿಸಿದ ನೂರನೆಯ ಹಡಗು. 1964ರಲ್ಲಿ ಶುರುವಾದ ಆ ಕಚೇರಿ ಯಾವತ್ತೂ ಮುಚ್ಚಲಿಲ್ಲ. ವಿನ್ಯಾಸದಲ್ಲಿ ನಾವು ಗಟ್ಟಿಯಾಗಿರುವುದು ಏಕೆ ಎಂದು ಬೇರೆ ಹುಡುಕಬೇಕಿಲ್ಲ.

ಸುಧಾರಣೆಯ ಹೆಸರಿನಲ್ಲಿ ಕಾಗದ ಸಾಕಷ್ಟು ಬಂದಿದೆ. ಅವುಗಳಲ್ಲಿ ಎರಡು ನನಗೆ ನಿಜವಾಗಿ ಉಪಯುಕ್ತ ಅನ್ನಿಸಿದವು. 2025ರ ನವೆಂಬರ್‌ನಿಂದ ಜಾರಿಯಾದ ಹೊಸ ರಕ್ಷಣಾ ಖರೀದಿ ಕೈಪಿಡಿ, ಹಡಗಿನ ರಿಪೇರಿಯಲ್ಲಿ ಹೆಚ್ಚುವರಿ ಕೆಲಸಕ್ಕೆಂದು ಶೇ 15ರಷ್ಟನ್ನು ಮುಂಚಿತವಾಗಿಯೇ ಇಟ್ಟುಕೊಳ್ಳಲು ಬಿಟ್ಟಿದೆ. ಹಳೆ ಮನೆಯ ಹೆಂಚು ತೆಗೆದ ಮೇಲೇ ಪಕಾಸಿ ಗೆದ್ದಲು ಹಿಡಿದಿದೆಯೋ ಇಲ್ಲವೋ ತಿಳಿಯುವುದು. ಹಡಗಿನ ತಳದ ತಗಡೂ ಹಾಗೇ. ಇಷ್ಟು ದಿನ ಪ್ರತಿ ಗೆದ್ದಲಿಗೂ ದೆಹಲಿಯಿಂದ ಹೊಸ ಮಂಜೂರಾತಿ ಬರುವವರೆಗೆ ಹಡಗು ಡಾಕ್‌ನಲ್ಲಿ ಕಾಯುತ್ತಿತ್ತು. ಎರಡನೆಯದು, ಹೊಸದಾಗಿ ಅಭಿವೃದ್ಧಿಪಡಿಸುವ ವಸ್ತುಗಳಿಗೆ ಆ ಹಂತದಲ್ಲಿ ತಡವಾದರೆ ದಂಡ ಹಾಕದಿರುವುದು, ಗೆದ್ದವರಿಗೆ ಐದು ವರ್ಷದವರೆಗೂ ಆರ್ಡರಿನ ಭರವಸೆ ಕೊಡುವುದು. ಆದರೆ ಈ ಕೈಪಿಡಿ ಬಿಡಿಭಾಗ, ರಿಪೇರಿಯಂಥ ದಿನನಿತ್ಯದ ಖರೀದಿಗೆ. ಹೊಸ ಹಡಗು ಕೊಳ್ಳುವುದು ಬೇರೆ ಪುಸ್ತಕದ ಪ್ರಕಾರ. ಬ್ಯಾಕಿಂಗ್ ಹೆಚ್ಚು ಬೇಕಾದದ್ದು ಅಲ್ಲಿ.

ಇನ್ನೊಂದು ದಾರಿ ನಮ್ಮ ಕರಾವಳಿಯಲ್ಲೇ ಕಾಣುತ್ತದೆ. ಉಡುಪಿಯ ಮಲ್ಪೆಯಲ್ಲಿ ಟೆಬ್ಮಾ ಎಂಬ ಯಾರ್ಡ್ ಇತ್ತು, ದಿವಾಳಿಯಾಯಿತು. 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಅದನ್ನು ಕೊಂಡು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಮಾಡಿತು. ಈಗ ಅಲ್ಲಿ ಟಗ್ಗುಗಳು ತಯಾರಾಗುತ್ತಿವೆ, ನಾರ್ವೆಯ ವಿಲ್ಸನ್ ಕಂಪನಿಗೆ 3,800 ಟನ್ ಸಾಮರ್ಥ್ಯದ ಸರಕು ಹಡಗುಗಳ ಆರ್ಡರ್ ಇದೆ. ಯುದ್ಧನೌಕೆ ಅಲ್ಲ, ಬಂದೂಕು ಇಲ್ಲ, ಟಿವಿಯಲ್ಲಿ ಬರುವುದಿಲ್ಲ. ಆದರೆ ಬೆಸುಗೆಯವನ ಕೈಗೆ ವರ್ಷವಿಡೀ ಕೆಲಸ. ಜಗತ್ತಿನ ವಾಣಿಜ್ಯ ಹಡಗುಗಳಲ್ಲಿ ಬಹುಪಾಲನ್ನು ಚೀನಾ, ಕೊರಿಯಾ, ಜಪಾನ್ ಕಟ್ಟುತ್ತವೆ, ನಮ್ಮ ಪಾಲು ಶೇ 1ಕ್ಕೂ ಕಡಿಮೆ. ಚೀನಾದ ನೌಕಾಪಡೆ ಅಷ್ಟು ವೇಗವಾಗಿ ಬೆಳೆದದ್ದರ ಹಿಂದೆ ಈ ಸರಕು ಹಡಗುಗಳ ಯಾರ್ಡುಗಳಿವೆ. ಯುದ್ಧನೌಕೆಯ ಆರ್ಡರ್ ಇಲ್ಲದ ವರ್ಷ ಅಲ್ಲಿ ಕ್ರೇನು ತುಕ್ಕು ಹಿಡಿಯುವುದಿಲ್ಲ. ಕೇಂದ್ರ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ಒಪ್ಪಿದ 69,725 ಕೋಟಿಯ ಹಡಗು ನಿರ್ಮಾಣ ಪ್ಯಾಕೇಜ್ ಈ ತರ್ಕವನ್ನು ಹಿಡಿದದ್ದು. ಕಾಫಿಯ ನಡುವೆ ಕರಿಮೆಣಸಿನ ಬಳ್ಳಿ ಬಿಟ್ಟುಕೊಂಡವರಿಗೆ ಇದು ಹೊಸ ವಿಚಾರವಲ್ಲ. ಒಂದರ ದರ ಬಿದ್ದ ವರ್ಷ ಇನ್ನೊಂದು ಆಳುಗಳ ಕೂಲಿ ಕೊಡುತ್ತದೆ.

ಕುಶಾಲನಗರದ ಹತ್ತಿರ ಕೂಡಿಗೆಯಲ್ಲಿ ಸೈನಿಕ ಶಾಲೆ ಶುರುವಾದದ್ದೂ 2007ರಲ್ಲೇ, ‘75-ಐ’ ಜಲಾಂತರ್ಗಾಮಿಗೆ ಮೊದಲ ಮುದ್ರೆ ಬಿದ್ದ ವರ್ಷ. ಆ ವರ್ಷ ಆರನೇ ತರಗತಿಗೆ ಸೇರಿದ ಹನ್ನೊಂದು ವರ್ಷದ ಹುಡುಗ ನೌಕಾಪಡೆಗೆ ಹೋಗಿದ್ದರೆ, ಜರ್ಮನಿಯ ಟಿಕೆಎಂಎಸ್ ಕಂಪನಿಯ ಜೊತೆ ಸೇರಿ ಅವನ್ನು ಕಟ್ಟಲಿರುವ ಮಜಗಾಂವ್ ಡಾಕ್‌ನೊಂದಿಗೆ 2025ರ ಸೆಪ್ಟೆಂಬರ್‌ನಲ್ಲಿ ಬೆಲೆಯ ಮಾತುಕತೆ ಆರಂಭವಾದಾಗ ಅವನಿಗೆ ಇಪ್ಪತ್ತೊಂಬತ್ತು. ಸಹಿ ಬಿದ್ದ ಮೇಲೆ ಮೊದಲ ದೋಣಿ ಬರಲು ಸುಮಾರು ಏಳು ವರ್ಷ ಎಂಬ ಲೆಕ್ಕವಿದೆ. ಎಲ್ಲವೂ ಹೇಳಿದ ಸಮಯಕ್ಕೆ ನಡೆದರೆ, ಜಲಾಂತರ್ಗಾಮಿಯೊಂದರ ಕಮಾಂಡ್ ವಹಿಸುವ ವಯಸ್ಸಿಗೆ ಅವನು ಬರುವ ಹೊತ್ತಿಗೆ ಅದೂ ಬಂದಿರುತ್ತದೆ.